ಎಂಟೂಕಾಲು ಎಕರೆ

ತಮ್ಮ ಸೆಮಿಸಿ ಹೋದಾಗ
ಅವನ ತಲೆದೆಸೆಯಲ್ಲಿ ಕೂತವಳು ನಾನು, ಎರಡು ರಾತ್ರಿ.
ವವಾಉ ದ್ವೀಪದಲ್ಲಿ ಅದು ಅಕ್ಕನ ಜಾಗ.
ಪಾದ್ರಿ ಬಂದರೂ ಏಳಬೇಕಿಲ್ಲ,
ಊರ ಒಡೆಯ ಬಂದರೂ.
ಬಂದ ನಯದ ಚಾಪೆಗಳನ್ನೆಲ್ಲ ನನ್ನ ಮುಂದೆ ಪೇರಿಸಿದರು,
ಕೇದಗೆಯೆಲೆ ಸೀಳಿ ಅಜ್ಜಿಯರು ವರ್ಷಗಟ್ಟಲೆ ಹೆಣೆದವು.
ಹರಕು ಚಾಪೆ ಸೊಂಟಕ್ಕೆ ಸುತ್ತಿಕೊಂಡು
ಅವನ ಹೆಂಡತಿ ಫೂಸಿ ಹೊರಗೆ, ಒಲೆಯ ಹೊಗೆಯಲ್ಲಿ.
ಅದೂ ಕಟ್ಟಳೆಯೇ. ಅದನ್ನು ನೋಡಿ ಅಂದು
ನಾನು ಕಣ್ಣು ತಗ್ಗಿಸಲಿಲ್ಲ, ಹೇಳಿಬಿಡುತ್ತೇನೆ.

ಮಣ್ಣು ಮಾಡುವಾಗ ಮೊದಲು ನನ್ನನ್ನೇ ಕರೆದರು.
ಮಣ್ಣಿನ ಮಾತು ಬಂದಾಗ
ಚಹಾ ತರಲು ಕಳಿಸಿದರು.

ಎಂಟೂಕಾಲು ಎಕರೆ. ಗೆಣಸು, ಕೆಸು, ನಲವತ್ತು ತೆಂಗು,
ಮೂಲೆಯಲ್ಲಿ ನಾನು ಹುಡುಗಿಯಾಗಿದ್ದಾಗ ನೆಟ್ಟ
ತೊಗಟೆಬಟ್ಟೆಯ ಗಿಡಗಳ ಸಾಲು.
ನೀರು ಇಳಿಜಾರು ಹುಡುಕುವ ಹಾಗೆ
ಇಲ್ಲಿ ಭೂಮಿ ಗಂಡಸನ್ನು ಹುಡುಕಿಕೊಂಡು ಹೋಗುತ್ತದೆ.
ಸೆಮಿಸಿಗೆ ಗಂಡುಮಕ್ಕಳಿಲ್ಲ. ಮಗಳು ಲೆಸಿಯೆಲಿ
ಹಾಪಾಯಿಯ ಮೀನುಗಾರನ ಕೈ ಹಿಡಿದ ದಿನವೇ ಸಾಲಿನಿಂದ ಜಾರಿದಳು.
ಉಳಿದವಳು ಫೂಸಿ. ಬದುಕಿರುವಷ್ಟು ಕಾಲ ಅವಳಿಗೆ ಹಕ್ಕುಂಟು,
ಮತ್ತೆ ಮದುವೆಯಾಗದಿದ್ದರೆ.
ಯಾರ ಜೊತೆಗೂ ಮಲಗದಿದ್ದರೆ.
ಕಾನೂನಿನಲ್ಲೇ ಇದೆ, ನಾನು ಹೊಲಿದು ಸೇರಿಸಿದ್ದಲ್ಲ.
ಹೆಂಡತಿ ಸತ್ತ ಗಂಡಸಿನ ಹಾಸಿಗೆಯನ್ನು
ಅದು ಎಲ್ಲೂ ಕೊಡವಿ ನೋಡುವುದಿಲ್ಲ.

ಸಂವಿಧಾನವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು:
ಒಡೆಯನಿಗೂ ಒಕ್ಕಲಿಗೂ ಒಂದೇ ಕಾನೂನು,
ಬಿಳಿಯನಿಗೂ ತೊಂಗಾದವನಿಗೂ ಒಂದೇ.
ಕೈಯೆತ್ತಿ ಕೇಳಿದ್ದೆ: ಅಕ್ಕನಿಗೂ ತಮ್ಮನಿಗೂ?
ಮೇಷ್ಟರು ನಕ್ಕರು. "ಅಕ್ಕ ದೊಡ್ಡವಳಲ್ಲವೇ ಕಾಲೊಲೈನೆ,
ಅವಳಿಗೇಕೆ ಕಾನೂನು?"
ತರಗತಿ ನಕ್ಕಿತು. ನಾನೂ.

ಚಂಡಮಾರುತ ತಗಡು ಕಿತ್ತ ವಾರ
ಬಡಗಿ ಪೇನಿ ಫೂಸಿಯ ಮಾಡು ಹತ್ತಿದ.
ಕತ್ತಲಾಯಿತು, ಮಳೆ ಹಿಡಿಯಿತು.
ಉಂಡು ಹೋದನೋ, ಉಳಿದನೋ,
ನಾನು ಕೇಳಲಿಲ್ಲ, ಕೇಳುವುದೂ ಇಲ್ಲ.
ಚಪ್ಪಲಿ ಮಾತ್ರ ಮೆಟ್ಟಿಲ ಮೇಲೆ ಉಳಿಯಿತು,
ನೀಲಿ ರಬ್ಬರಿನದು, ಎಡಗಾಲಿನ ಉಂಗುಷ್ಟಕ್ಕೆ ತಂತಿ ಬಿಗಿದದ್ದು.
ಬೆಳಗ್ಗೆ ಕಿರಿಯ ತಮ್ಮ ಮಾಕಾ
ಫೋನಿನಲ್ಲಿ ಅದರ ಪಟ ಹಿಡಿದ, ಮೂರು ಕೋನಗಳಿಂದ.
ಎಂಟೂಕಾಲು ಎಕರೆಗೆ ಮುಂದಿನ ವಾರಸುದಾರ ಅವನೇ.

ಮಾಕಾನ ಮಕ್ಕಳು ನನಗೆ ಇಲ್ಲವೆನ್ನುವಂತಿಲ್ಲ.
ಹಂದಿ ಕೇಳಿದರೆ ಹಂದಿ,
ಹುಟ್ಟುಹಬ್ಬದ ಕೇಕಿನ ಮೇಲಂತಸ್ತು ಕೇಳದೆಯೇ ಬರುತ್ತದೆ.
ನಿಮ್ಮಪ್ಪನ ಅರ್ಜಿ ವಾಪಸು ತೆಗೆಸಿ ಎಂದೆ.
ನೆಲ ನೋಡಿದರು.
ನೆಲವನ್ನೇ ನೋಡಿದರು.

ಕೋರ್ಟಿನ ಮೇಜಿನ ಮೇಲೆ, ಹಳೆಯ ಪತ್ರಿಕೆ ಹಾಸಿ,
ಆ ಚಪ್ಪಲಿ ಇಟ್ಟಿದ್ದರು.
ಫೂಸಿ ತನ್ನ ಕೈಗಳನ್ನು ಬೇರೆ ಯಾರದೋ ಎಂಬಂತೆ ಮಡಿಲಲ್ಲಿಟ್ಟುಕೊಂಡಿದ್ದಳು.
"ಇದು ಯಾರದು?"
ಬೈಬಲ್ಲಿನ ಮೇಲಿಟ್ಟು ತೆಗೆದ ಕೈ ಇನ್ನೂ ಬಿಸಿಯಿತ್ತು.
ನನ್ನದು, ಎಂದೆ.
ಹಾಕಿ ತೋರಿಸಿ ಎಂದರು.
ದೇವರೇ, ಎಪ್ಪತ್ತೊಂದು ವರ್ಷ ತೋಟ ತುಳಿದ ಕಾಲು
ಎಷ್ಟು ಅಗಲ!
ತಂತಿ ಬೆರಳಿಗೆ ಕಚ್ಚಿತು. ಬಾಗಿಲವರೆಗೆ ನಡೆದೆ, ತಿರುಗಿ ಬಂದೆ,
ಪಟಪಟ ಸದ್ದು ಮಾಡುತ್ತ,
ಮಾಕಾನ ಮುಂದೆ ಸ್ವಲ್ಪ ನಿಧಾನವಾಗಿ.

ತೀರ್ಪು ಮುಂದಿನ ತಿಂಗಳಂತೆ.
ಚಪ್ಪಲಿ ಈಗ ನನ್ನ ಮೆಟ್ಟಿಲ ಮೇಲಿದೆ.
ರಾತ್ರಿಯೂ ಒಳಗಿಡುವುದಿಲ್ಲ.
ಹೋಗಿಬರುವವರು ನೋಡಲಿ, ಬೇಕಾದಷ್ಟು ಪಟ ತೆಗೆಯಲಿ.
ನನ್ನಿಂದ ಕಿತ್ತುಕೊಳ್ಳಲು ಬರುವವರಿಗೆ
ಉಗುರ ಸಂದಿಯಲ್ಲಿ
ಒಂದಿಷ್ಟು ಮಣ್ಣಿದೆ.