ಕನಸಿಗೆ ಲೆಕ್ಕ ಬೇಡ

ಹನ್ನೊಂದನೇ ಕಂತಿನ ಕನಸಿಗೆ ನಿನ್ನೆ
ಅಡುಗೆಮನೆಯೊಳಗೆ ಮೊಣಕಾಲುದ್ದ ನೀರು ಬಿಟ್ಟಿದ್ದರು.
ಸೂರಿನಿಂದ ಬಲ್ಬುಗಳ ಬದಲು ದಾಳಿಂಬೆ.
ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಮೆಟ್ಟಿಲಸಾಲು,
ಮೂರನೇ ಮೆಟ್ಟಿಲ ಮೇಲೆ ಬಾಡಿಗೆಗೆ ತಂದ ಜಿಂಕೆ,
ಗಂಟೆಗಿಷ್ಟು ಅಂತ; ಮೇವು ಬೇರೆ.

ನನ್ನ ಕೆಲಸ ಸಣ್ಣದು. ಕಂಟಿನ್ಯುಟಿ.
ನೂತ್ಸಾಳ ಕೂದಲು ಯಾವ ಕಿವಿಯ ಹಿಂದಿತ್ತು,
ಸಿಗರೇಟು ಎಷ್ಟು ಸುಟ್ಟಿತ್ತು, ಗಾಜಿನ ಲೋಟದಲ್ಲಿ ಚಹಾ
ಎಲ್ಲಿವರೆಗಿತ್ತು ಎಂದು
ಈ ತ್ಬಿಲಿಸಿಯ ಸ್ಟುಡಿಯೋಗಳಲ್ಲಿ ಮೂವತ್ತೊಂದು ವರ್ಷ
ಕಣ್ಣಲ್ಲಿ ಕಣ್ಣಿಟ್ಟು ಬರೆದವಳು.
ಹಿಂದೊಮ್ಮೆ ಯಾವುದೋ ಯುದ್ಧದ ಚಿತ್ರದಲ್ಲಿ
ಸತ್ತ ಸೈನಿಕನ ಬೂಟಿನ ದಾರ ಬಿಚ್ಚಿದ್ದು ನಾನೊಬ್ಬಳೇ ಕಂಡೆ.
ಅವನನ್ನು ಮತ್ತೆ ಸಾಯಿಸಬೇಕಾಯಿತು.

ವಾಖೋ ಅಂದ: "ಲಾಮಾರಾ ಚಿಕ್ಕಮ್ಮ, ಮನೆಗೆ ಹೋಗು.
ಕನಸಿಗೆ ತಲೆಬುಡ ಇಲ್ಲ,
ಇವತ್ತು ಏನು ಬೇಕಾದರೂ ಆಗಬಹುದು."
ಇಪ್ಪತ್ತೇಳರ ನಿರ್ದೇಶಕ. ಇನ್ನೂ ಯಾರೂ
ಸತ್ತಿಲ್ಲ ಅವನಿಗೆ.

ಹೋಗಲಿಲ್ಲ. ಸತ್ತ ಅಣ್ಣ ಫ್ರಿಜ್ಜಿನಿಂದ ಇಳಿದು ಬಂದು
ನೂತ್ಸಾಳ ಬಾಯಿಂದ ಬೀಗದಕೈ ತೆಗೆಯುವುದನ್ನು
ಐದು ಸಲ ನೋಡಿದೆ. ಅವಳ ತುಟಿ ನೀಲಿ, ಮೇಕಪ್ಪಿನದಲ್ಲ;
ನೀರು ಕಾಯಿಸುವವನು ಊಟಕ್ಕೆ ಹೋಗಿದ್ದ.
ಹೊಗೆಯ ಯಂತ್ರ ಕೆಮ್ಮಿತು. ಜಿಂಕೆ ಕತ್ತು ಚಾಚಿ
ಒಂದು ದಾಳಿಂಬೆಯನ್ನು ತಿಂದೇಬಿಟ್ಟಿತು.
ಎಲ್ಲರೂ ನನ್ನತ್ತ ತಿರುಗಿದರು.
"ಇರಲಿ, ಇರಲಿ!" ವಾಖೋ ಕುಣಿದಾಡಿದ.
ನಾನು ಮಾತ್ರ, ಕೈ ಕೇಳಬೇಕಲ್ಲ, ಬರೆದುಕೊಂಡೆ:
ಹದಿನಾರು ಇದ್ದದ್ದು ಹದಿನೈದು.

ನಮ್ಮ ಕಟ್ಟಡದ ತ್ಸಿಯಾಲಾ ಪ್ರತಿ ಶುಕ್ರವಾರ
ಲಿಫ್ಟಿನ ಬುಡದಲ್ಲಿ ಕಾದಿರುತ್ತಾಳೆ. ಜಿಂಕೆ ಯಾರ ಆತ್ಮ?
ಹೇಳು, ಯಾರಿಗೂ ಹೇಳೋದಿಲ್ಲ.
ತೋಳಕ್ಕೆ ಪರವಾನಗಿ ಸಿಗಲಿಲ್ಲ, ಅಂದರೆ
ಏನೋ ಗುಟ್ಟು ತಿಳಿದವಳಂತೆ ತಲೆ ಆಡಿಸುತ್ತಾಳೆ.

ನುತ್ಸುಬಿದ್ಜೆ ದಿಬ್ಬದ ಮೇಲೆ, ಹನ್ನೆರಡನೇ ಮಹಡಿ.
ನಮ್ಮ ಲಿಫ್ಟು ಕಾಸು ಕೇಳುತ್ತದೆ,
ಇಪ್ಪತ್ತು ತೇತ್ರಿ ಹಾಕದಿದ್ದರೆ ಕದಲುವುದಿಲ್ಲ.
ಜುಂಬೇರ್ ಹೋಗಿ ಮೂರು ವರ್ಷ.
ವಾರಕ್ಕೆರಡು ಸಲ ಕನಸಿಗೆ ಬರುತ್ತಾನೆ. ಅದರಲ್ಲಿ ಜಿಂಕೆ ಇಲ್ಲ.
ಲಿಫ್ಟಿನಿಂದ ಇಳಿದು, ಬಾಗಿಲಲ್ಲಿ ನಿಂತು
ಕೋಟಿನ ಜೇಬು ತಡಕುತ್ತಾನೆ,
ಕೂತು ಚಹಾ ಕುಡಿಯುತ್ತಾನೆ.
ಲೋಟದ ಹೂವಿನ ಗೆರೆಯವರೆಗೆ ಚಹಾ.
ಎಡ ತೋಳಿನ ಎರಡನೇ ಗುಂಡಿ ಇಲ್ಲ.
ಕಿಟಕಿಯಾಚೆ ತಂತಿಯ ಮೇಲೆ ಪಕ್ಕದವರ ಬಟ್ಟೆ:
ಎರಡು ದಿಂಬಿನ ಚೀಲ, ಒಂದು ಹಸಿರು ಅಂಗಿ.
ಪ್ರತಿ ಸಲ. ಗುಂಜಿಯಷ್ಟೂ ಆಚೀಚೆ ಇಲ್ಲ.
ಇಷ್ಟು ಚೊಕ್ಕ ಕೆಲಸ ನನ್ನ ಜನ್ಮದಲ್ಲಿ ಮಾಡಿಲ್ಲ ನಾನು.
ಜೀವ ಇರುವವರು ಎರಡನೇ ಟೇಕಿಗೇ
ಏನಾದರೊಂದು ಕೆಡಿಸುತ್ತಾರೆ.

ಇವತ್ತು ಬೆಳಗಿನ ಜಾವ ಮತ್ತೆ ಬಂದ.
ಜೇಬು ತಡಕಿದ. ಕೂತ.
ಲೋಟವನ್ನು ಎಡಗೈಯಲ್ಲಿ ಎತ್ತಿದ.

ಕಟ್, ಅನ್ನಬೇಕಿತ್ತು.
ನೀನು ಬಲಗೈಯವನು ಜುಂಬೇರ್, ಅನ್ನಬೇಕಿತ್ತು.
ಕೊರಳಿಗೆ ಬಂದ ಮಾತು ನುಂಗಿ ನೋಡಿದೆ:
ಬಲಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ,
ಗಂಟು ಸಡಿಲ, ಒಂಟಿ ಕೈಯಲ್ಲಿ ಕಟ್ಟಿಕೊಂಡದ್ದು.
ಏನಾಯಿತು, ಅಂದೆ.
ಈರುಳ್ಳಿ, ಅಂದ, ನಾಚಿಕೊಂಡು.
ಚಹಾ
ಗೆರೆಗಿಂತ ಕೆಳಗೆ ಇಳಿಯುತ್ತಿತ್ತು.

ಎದ್ದು ಟಿಪ್ಪಣಿ ಪುಸ್ತಕ ತೆಗೆದೆ. ದಿನಾಂಕ ಹಾಕಿದೆ.
ಅಷ್ಟೇ ಹಾಕಿ ಮುಚ್ಚಿದೆ.
ಕೆಲಸಕ್ಕೆ ಹೊರಟಾಗ ಲಿಫ್ಟಿಗೆ
ಎರಡು ನಾಣ್ಯ ಹಾಕಿದೆ. ಒಂದು ಸಾಕಿತ್ತು.