ಉಪ್ಪಿಲ್ಲದ ತೋಪು

ಝರೆಪ್ಪ ಕಾಕಾ ಬುರುಜು ಹತ್ತಿದವನೇ
ತೋಪಿನ ಬಾಯಾಗ ಭುಜದ ತನಕ ಕೈ ಹಾಕಿ
ಬೆರಳು ನೆಕ್ಕಿ ನೋಡಿದ:
"ಉಪ್ಪೇ ಇಲ್ಲಲ್ಲೋ!"

ಹಡಗಿನ ಮ್ಯಾಲಾದ್ರ ದಿನಾ ಮುಂಜಾನೆ
ನಳಗಿಯ ಉಪ್ಪು ಒರೆಸೋದ ಅವನ ಚಾಕ್ರಿ,
ಹದಿನೈದು ವರ್ಷ.
ಸಿಡಿಸಿದ್ದು ಎರಡೋ ಮೂರೋ ಸಲ,
ಅದೂ ನೀರಿಗೆ.
ಬಲಗಿವಿ ಅಲ್ಲೇ ಬಿಟ್ಟು ಬಂದಾನ.

ಕೆಳಗ ಮೂರು ಸಾಲು ಕಂದಕ.
ಕೆಂಪು ಕಲ್ಲಿಗೆ ಉಳಿ ಹೊಡದವರು
ಸಮುದ್ರ ಕಂಡವರಲ್ಲ;
ಬೀದರಿಗೂ ಒಂದು ಬೇಕಂತ ಯಾರೋ ಹೇಳಿರಬೇಕು,
ಕಡದು ಕೊಟ್ಟರು.
ಈಗ ಅದರಾಗ ಎಮ್ಮಿ ಮಲಗ್ಯಾವ.

ತರಬೇತಿ ವಿಮಾನ ಒಂದು
ಸೀರಿ ಹರದಂಗ ಹೋತು. ನಾ ಕಿವಿ ಮುಚ್ಚಿದೆ.
ಕಾಕಾ ತಲಿ ಎತ್ತಲಿಲ್ಲ,
ತೋಪಿನ ಬೆನ್ನ ಮ್ಯಾಲಿದ್ದ ಅಂಗೈ ಮಾತ್ರ
ಥಟ್ಟನೆ ತಗದ.

"ಇದಕ್ಕಿನ್ನೂ ಕೇಳಸ್ತದ," ಅಂದ.