ಎಂಟು ತುಂಬದ ಮೂರು

ಪೀಣ್ಯ ಎರಡನೇ ಹಂತ, ಹದಿನಾಲ್ಕನೇ ಕ್ರಾಸು.
ಪಕ್ಕದ ಶೆಡ್ಡಿನ ಲೇತು ಹಲ್ಲು ಕಡಿಯುತ್ತದೆ,
ನನ್ನ ಮೇಜಿನ ಚಹಾದಲ್ಲಿ ಸಣ್ಣ ಬಳೆಗಳೇಳುತ್ತವೆ.
ನನ್ನ ಕೆಲಸ ಇಷ್ಟೇ:
ದೂರದ ಗ್ರೈಂಡಿಂಗ್ ಯಂತ್ರದ ಮೈನಡುಕವನ್ನು
ಎರಡು ತಂತಿಯ ಮೇಲೆ ಇಲ್ಲಿಗೆ ತರಿಸುವುದು.

ಒಂದು ಸಲಕ್ಕೆ ಮೂವತ್ತೈದು ಬೈಟು.
ನಡುವೆ ಒಂದು ಬಫರು, ಹದಿನಾರು ಮನೆಯದು.
ಮೊದಲು ಬಂದದ್ದು ಮೊದಲು ಹೋಗಬೇಕು,
ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ.
ಇಲ್ಲಿ ಮಾತ್ರ ಯಾರೂ ಚೀಲ ಇಟ್ಟು ಜಾಗ ಹಿಡಿಯುವುದಿಲ್ಲ.

ಎಷ್ಟು ತುಂಬಿದಾಗ ಪ್ರೊಸೆಸರನ್ನು ಕೂಗಬೇಕು?
ಅದಕ್ಕೊಂದು ರಿಜಿಸ್ಟರು, ಅದರಲ್ಲಿ ಎರಡು ಬಿಟ್ಟು.
ಒಂದೊಂದಕ್ಕೂ ಕೂಗಿದರೆ
ಬಾಗಿಲಿಗೂ ಒಲೆಗೂ ಓಡಾಡಿ ಸುಸ್ತಾಗುತ್ತದೆ,
ಹಾಲು ಉಕ್ಕಿಯೇ ಉಕ್ಕುತ್ತದೆ.
ಹದಿನಾಲ್ಕಕ್ಕೆ ಕೂಗಿದರೆ
ಅದು ಕೈ ಒರೆಸಿಕೊಂಡು ಬರುವಷ್ಟರಲ್ಲಿ
ಹದಿನೇಳನೆಯದು ಹೊಸ್ತಿಲಲ್ಲಿ ನಿಂತು
ಕಾಲಿಡಲು ಜಾಗವಿಲ್ಲದೆ
ಸದ್ದಿಲ್ಲದೆ ಇಲ್ಲವಾಗುತ್ತದೆ.
ಎಂಟು ಎಂದು ಬರೆದೆ. ಎಂಟೆಂಟಾಗಿ, ಒಂದೇ ದಮ್ಮಿಗೆ.
ವಾರವಿಡೀ ನನ್ನ ಲೆಕ್ಕಕ್ಕೆ ನಾನೇ ಬೀಗಿದೆ.

ಗೇರು ಕಾರ್ಖಾನೆಯಿಂದ ಇಗ್ನೇಷಿಯಸ್ ಫೋನು:
"ಮೇಡಂ, ಮೆಷಿನ್ ನಿಂತು ಗಂಟೆಯಾಯ್ತು,
ನಿಮ್ಮ ಡಬ್ಬಿ ಇನ್ನೂ ತಿರುಗ್ತಿದೆ ಅಂತದೆ.
ಬೆಳಿಗ್ಗೆ ಶುರು ಮಾಡಿದ್ರೆ ಮೊದಲು ನಿನ್ನೇದು ಹೇಳ್ತದೆ."

ಕೇಬಲು ಬದಲಿಸಿದೆ. ಅರ್ಥಿಂಗ್ ಬದಲಿಸಿದೆ.
ಎಸ್.ಪಿ. ರಸ್ತೆಯಲ್ಲಿ ಕೊಂಡ ಕನ್ವರ್ಟರನ್ನು ಬೈದೆ,
ಮಾರಿದವನನ್ನೂ ಬೈದೆ.
ಮೂರು ದಿನ.

ರಾತ್ರಿ ಹತ್ತೂಕಾಲು. ಎಂಟನೇ ಮೈಲಿಗೆ ಜಬೀವುಲ್ಲಾನ ಷೇರ್ ಆಟೊ.
ಹಿಂದೆ ಐದು, ಮುಂದೆ ಅವನ ಮಗ್ಗುಲಿಗೆ ಮೂರು,
ತುಂಬದೆ ಗಾಲಿ ಉರುಳಿಸುವವನಲ್ಲ.
ಒಳಗೆ ನಾನು,
ಜಡೆಗೆ ನೀಲಿ ದಾರದ ಎಳೆ ಅಂಟಿದ ಗಾರ್ಮೆಂಟ್ಸಿನ ಹೆಂಗಸು,
ಬೇರಿಂಗೊಂದನ್ನು ಕೂಸಿನಂತೆ ಮಡಿಲಲ್ಲಿಟ್ಟ ಹುಡುಗ.
"ಇನ್ನೈದು ಬರ್ಲಿ ಅಕ್ಕ."
ಒಂದು ಶಟರು ಇಳಿಯಿತು. ಇನ್ನೊಂದು.
ನಾಯಿಯೊಂದು ಬಂದು ಚಕ್ರ ಮೂಸಿ ಹೋಯಿತು.
ಹೆಂಗಸು ಫೋನಿನಲ್ಲಿ ಯಾರಿಗೋ, "ಅನ್ನಕ್ಕೆ ನೀನೇ ಇಡು," ಅಂದಳು.
ಜಬೀ ರಸ್ತೆಯ ತುದಿ ನೋಡಿದ,
ಮತ್ತೂ ನೋಡಿದ,
ಆಮೇಲೆ ಸುಮ್ಮನೆ ಗೇರು ಹಾಕಿದ.

"ಐದು ಸೀಟು ಖಾಲಿ ಅಲ್ಲವಾ?" ಅಂದೆ.
"ಬರೋರಿದ್ರೆ ಇಷ್ಟೊತ್ತಿಗೆ ಬರ್ತಿದ್ರು."

ಎಂಟು ನಾಕಲ ಮೂವತ್ತೆರಡು.
ಫ್ಲೈಓವರಿನ ಕೆಳಗೆ, ಹಳ್ಳ ಹಾರುವ ಆ ಗಾಡಿಯಲ್ಲಿ
ಮಗ್ಗಿ ತಾನಾಗಿ ಬಾಯಿಗೆ ಬಂತು.
ಉಳಿದದ್ದು ಮೂರು.
ಎಂಟಾಗಲೆಂದು ಕತ್ತಲಲ್ಲಿ ಕೂತ ಮೂರು,
ಬೆಳಿಗ್ಗೆ ಬೇರೆಯವರ ಜೊತೆ ಸೇರಿ
ಬೇರೆಯವರ ಮಾತಿನ ಮೊದಲಾಗುವ ಮೂರು.

ಕೈಪಿಡಿಯಲ್ಲಿ ಇತ್ತು, ಇಲ್ಲದೆ ಏನು.
ನಾನೇ ಸೊನ್ನೆ ಮಾಡಿ ಮರೆತಿದ್ದ ಬಿಟ್ಟು:
ನಾಲ್ಕು ಅಕ್ಷರದ ಹೊತ್ತು ತಂತಿ ಮೌನವಾಗಿದ್ದರೆ
ತುಂಬಿತೋ ಬಿಟ್ಟಿತೋ ಕೇಳಬೇಡ,
ಇದ್ದಷ್ಟನ್ನು ಕಳಿಸು.

ಮಧ್ಯಾಹ್ನ ಇಗ್ನೇಷಿಯಸ್ ಕೆಂಪು ಗುಂಡಿ ಒತ್ತಿದ.
ಸ್ಕೋಪಿನ ಮೇಲೆ ದಟ್ಟನೆಯ ನಾಲ್ಕು ಗುಂಪು,
ಆಮೇಲೆ ನಾಲ್ಕು ಮಿಲಿಸೆಕೆಂಡು ಏನೂ ಇಲ್ಲ
(ಅಷ್ಟರಲ್ಲಿ ನಾನು ಉಸಿರು ಹಿಡಿದಿದ್ದೆನೆಂದರೆ ಸುಳ್ಳಾದೀತು),
ಆಮೇಲೆ ತೆಳ್ಳಗೆ, ಒಟ್ಟಿಗೆ, ಮೂರು.
ಕೊನೆಯದು ಸೊನ್ನೆ. ನಿಂತಿದೆ, ಎಂದರ್ಥ.
"ಹಾಂ, ಈಗ ನಿಂತ್ತು," ಅಂದ ಇಗ್ನೇಷಿಯಸ್,
ಯಂತ್ರಕ್ಕೂ ಈಗಷ್ಟೇ ಅಪ್ಪಣೆ ಸಿಕ್ಕಂತೆ.

ಆ ಬಿಟ್ಟಿಗೆ ಡೀಸೆಲ್ಲು ಬೇಕಾಗಿಲ್ಲ.
ಜಬೀಗೆ ಆ ರಾತ್ರಿ ಐದು ಸೀಟಿನ ಲುಕ್ಸಾನು.
ಇವತ್ತೂ ಹತ್ತೂಕಾಲಿಗೆ ಅದೇ ದೀಪದ ಕಂಬದ ಕೆಳಗೆ
ಬೆರಳು ಮಡಚಿ ಎಣಿಸುತ್ತಿದ್ದಾನೆ.
"ಎಷ್ಟಾಯ್ತು?" ಅಂದೆ.
"ನೀವು ಬಂದ್ರಿ, ಎರಡು."
ಸರಿದು ಕೂತೆ, ಜಾಗ ಬಿಟ್ಟು.